ಸದ್ದಿನ ಚಕ್ರ

ಗಂಡನ ರೇಸ್ ಸೈಕಲ್ಲಿನ ಎರಡೂ ಚಕ್ರ ಸೊಟ್ಟಗಾಗಿವೆ, ಬೇರೆ ಬೇಕು ಎಂದು ಬಂದವಳು ಒಂದೊಂದು ಚಕ್ರವನ್ನೂ ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಚಕ್ರವನ್ನು ಹೀಗೆ ಆರಿಸಿದವರನ್ನು ಅಂಗಡಿಯವನು ಕಂಡಿರಲಿಲ್ಲ.

“ನಿಮ್ಮ ಯಜಮಾನ್ರಿಗೆ ಬೆಳಗ್ಗೆ ರೇಸ್ ಪ್ರಾಕ್ಟೀಸಿಗೂ ಆಮೇಲೆ ಆಫೀಸಿಗೂ ಅಂದ್ರೆ ಇದನ್ನೇ ತಗೊಳ್ಳಿ ಮೇಡಂ. ಗಟ್ಟಿ, ಬೆಲೆ ಕಮ್ಮಿ, ಸದ್ದೇ ಇಲ್ಲ.”

“ಬೇಡ. ಅದು ಕೊಡಿ.”

“ಅಯ್ಯೋ, ಅದು ಬೀದಿಗೆಲ್ಲ ಕೇಳೋ ಹಾಗೆ ಕಟಕಟ ಅನ್ನುತ್ತೆ! ನಿಮ್ಮ ಯಜಮಾನ್ರು ನಾಳೆನೇ ವಾಪಸ್ ತಂದು ನನಗೆ ಬಯ್ಯುತ್ತಾರೆ.”

“ತುಳಿಯೋಳು ನಾನು,” ಎಂದು ಅವಳು ಚಕ್ರವನ್ನು ಇನ್ನೊಮ್ಮೆ ತಿರುಗಿಸಿದಳು. “ಅವರು ತೀರಿಕೊಂಡು ಮೂರು ತಿಂಗಳಾಯ್ತು. ಕಣ್ಣು ಕಾಣದ ನಮ್ಮತ್ತೆಗೆ ಎಷ್ಟು ಹೇಳಿದ್ರೂ ಅದು ನೆನಪಲ್ಲಿ ನಿಲ್ಲಲ್ಲ. ಗೇಟಿನ ಹತ್ರ ಅವರ ಹಳೇ ಚಕ್ರದ್ದೇ ಆದ ಈ ಸದ್ದು ಕೇಳಿದ್ರೆ ಮಾತ್ರ, ಮಗ ಬಂದ ಅಂತ ಎರಡು ತುತ್ತು ತಿಂತಾರೆ.”