ಅಜ್ಜಿಯ ಕಾಫಿ ಶಪಥ

ಅಜ್ಜಿಯ ಕಥೆಗಳಲ್ಲಿ ರಾಜರು ಮಾತೆತ್ತಿದರೆ ಶಪಥ ಮಾಡುತ್ತಿದ್ದ ಕಾಲವೊಂದಿತ್ತು. ಕೊನೆಗೆ ಆ ಚಟ ಅಜ್ಜಿಗೇ ಅಂಟಿಕೊಂಡಿತು.

"ನನ್ನ ಮಗ ಬಾಯಿ ತುಂಬ ಒಂದ್ಸಲ ದೇವರನ್ನ ಕರೆಯೋವರೆಗೂ ನಾನು ಕಾಫಿ ಮುಟ್ಟಲ್ಲ!"

ರಜೆಗೆ ಬಂದಿದ್ದ ಮಗ ಭೌತಶಾಸ್ತ್ರದ ಮೇಷ್ಟ್ರು, ಮಹಾ ನಾಸ್ತಿಕ. ತನ್ನ ಹೆಸರಿನಲ್ಲೇ ದೇವರಿದ್ದಾನೆಂದು ಅದನ್ನೂ ಬಿಟ್ಟು ಬರೀ ಟಿ.ವಿ. ಆಗಿದ್ದವನು. ಕಾಫಿಯಿಲ್ಲದ ಅಜ್ಜಿಗೆ ತಲೆ ಸಿಡಿಯತೊಡಗಿತು. ಬೆಕ್ಕಿಗೂ ಬೈಗುಳ ಬಿತ್ತು. ಅರ್ಧಕ್ಕೆ ನಿಂತ ಕಥೆಯಲ್ಲಿ ರಾಜಕುಮಾರ ಮೊಸಳೆಯ ಬಾಯಲ್ಲೇ ಉಳಿದುಬಿಟ್ಟ. ಅವನನ್ನು ಹೇಗಾದರೂ ಬಿಡಿಸಬೇಕಲ್ಲ ಎಂದು ಮೊಮ್ಮಗಳು ಮೇದಿನಿ ಮಾತು ಕೊಟ್ಟಳು: "ನಾನು ಕರೆಸ್ತೀನಿ ಬಿಡಜ್ಜಿ."

ರಜೆ ಮುಗಿಯಿತು. ಮಾವ ಚಪ್ಪಲಿ ಮೆಟ್ಟಿ ಊರಿಗೆ ಹೊರಟ.

"ಮಾವ, ದೇವರು ಒಳ್ಳೇದು ಮಾಡಲಿ ಅಂತ ಅಜ್ಜಿಗೆ ಒಂದು ಮಾತು ಅಂದುಬಿಡು."

"ಸತ್ರೂ ಅನ್ನಲ್ಲ ಕಣೇ. ಬೈ!"

"ಬರೀ ಬೈ ಅಂದ್ರೆ ಬೈದ ಹಾಗಿರುತ್ತೆ. ಹೆತ್ತವಳಿಗೆ ಪೂರ್ತಿ ಹೇಳಕ್ಕೂ ಜಿಪುಣತನವಾ?"

ಮಾವ ನಕ್ಕ. ಎದೆಯುಬ್ಬಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದ: "ಗುಡ್ ಬೈ, ಅಮ್ಮಾ!"

ಗೇಟು ಮುಚ್ಚಿಕೊಂಡಿತು. ಅಜ್ಜಿ ಹಣೆ ಚಚ್ಚಿಕೊಂಡಳು. "ಹಾಗೇ ಹೊರಟುಹೋದನಲ್ಲೇ ಪಾಪಿ!"

ಮೇದಿನಿ ಆಗಲೇ ಡಿಕಾಕ್ಷನ್ನಿಗೆ ಹಾಲು ಬೆರೆಸುತ್ತಿದ್ದಳು. "ಅಜ್ಜಿ, 'ಗಾಡ್ ಬಿ ವಿತ್ ಯೂ', ಅಂದ್ರೆ 'ದೇವರು ನಿಮ್ಮ ಜೊತೆಗಿರಲಿ' ಅನ್ನೋದನ್ನೇ ಆ ಇಂಗ್ಲಿಷಿನವರು ನೂರಾರು ವರ್ಷ ಅಂದೂ ಅಂದೂ ಸವೆಸಿ 'ಗುಡ್ ಬೈ' ಮಾಡ್ಕೊಂಡಿರೋದು. ತಗೋ, ಆರೋಗತ್ತೆ."

ಅಜ್ಜಿ ಒಂದು ಗುಟುಕು ಹೀರಿದಳು. ಮೊಸಳೆ ಬಾಯಿ ತೆರೆಯಿತು.