ಎಂಟು ಗಂಟೆಯ ಬಸ್ಸು

ಕೆಂಡದ ಇಸ್ತ್ರಿಪೆಟ್ಟಿಗೆಯಡಿ ಗಂಜಿ ಹಾಕಿದ ದಾವಣಿ ಬಿಸಿಯಾಗುವ ವಾಸನೆ. ಹತ್ತನೇ ತರಗತಿಯ ಪ್ರವಾಸ ಎಂದರೆ ರತ್ನಳಿಗೆ ಉಳಿದಿರುವುದು ಅಷ್ಟೇ. ಬೆಟ್ಟದ ನೆನಪಿಲ್ಲ. ಬೆಟ್ಟಕ್ಕೆ ಅವಳು ಹೋಗಲೇ ಇಲ್ಲ.

ಆದ್ದರಿಂದ ಈ ಸಲ ಅವಳು ಯಾರ ಮಾತನ್ನೂ ನಂಬಲಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದ ಮುಂದೆ ಬೀದಿದೀಪ ಇನ್ನೂ ಉರಿಯುತ್ತಿರುವಾಗಲೇ ಬಂದು ನಿಂತಳು. ಹಳೆಯ ಸಹಪಾಠಿಗಳೆಲ್ಲ ಸೇರಿ ಬಿಳಿಗಿರಿರಂಗನ ಬೆಟ್ಟಕ್ಕೆ ವ್ಯಾನು ಮಾಡಿದ್ದರು. ಆಗ ಹೋದ ದಾರಿಯಲ್ಲೇ ಮತ್ತೊಮ್ಮೆ.

ಹಿಂದಿನ ಸಂಜೆ ಹನೂರಿನಿಂದ ಮಾದಮ್ಮ ಫೋನು ಮಾಡಿದ್ದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ.

“ರತ್ನ, ನಾಳೆ ನೀ ಬರ್ಬ್ಯಾಡ ಕಣಮ್ಮಿ.”

“ಯಾಕೆ? ಬಸ್ಸು ಎಂಟ್ ಗಂಟೆಗಾ?”

ಉತ್ತರಕ್ಕೂ ಕಾಯದೆ ರತ್ನ ಫೋನು ಇಟ್ಟುಬಿಟ್ಟಳು.

ಇಬ್ಬರೂ ಕುಂತೂರಿನ ಒಂದೇ ಕೇರಿಯವರು. ಕೊಳ್ಳೇಗಾಲದ ಹೈಸ್ಕೂಲಿಗೆ ಜೊತೆಯಾಗಿ ಹೋಗಿ ಜೊತೆಯಾಗಿ ಬರುತ್ತಿದ್ದರು. ಕೊನೆಯ ವರ್ಷ ರತ್ನಳಿಗೆ ಅಕ್ಕಿ ಗಿರಣಿಯವರ ಮಗಳು ಸರ್ವಮಂಗಳಳ ಸ್ನೇಹವಾಯಿತು. ಟೆಂಟಿನಲ್ಲಿ ನೋಡಿದ ಸಿನಿಮಾದ ಕಥೆ ಹೇಳಿಕೊಂಡು ನಗುವ ಗುಂಪು ಅದು. ರತ್ನಳ ದನಿ ಇಂಪಾಗಿತ್ತು. “ನಮ್ ರೇಡಿಯೋ ಬಂತು ಕಣ್ರೇ!” ಎಂದು ಕೂಗಿ ಹಾಡಿಸುತ್ತಿದ್ದರು. ಮಾದಮ್ಮ ಗೇಟಿನ ಹತ್ತಿರ ಎರಡು ಚೀಲ ಹೊತ್ತು ಕಾಯುತ್ತಿದ್ದಳು.

“ಬೆಟ್ಟಕ್ಕೆ ಹೋಗೋವಾಗ ನನ್ ಪಕ್ಕ ನೀನೇ ಕೂತ್ಕೋಬೇಕು” ಎಂದಿದ್ದಳು ಸರ್ವಮಂಗಳ. ರತ್ನ ವಾರವಿಡೀ ಅದನ್ನೇ ಹೇಳಿಕೊಂಡು ತಿರುಗಿದಳು. ಹೊರಡುವ ಹಿಂದಿನ ಸಂಜೆ ಮಾದಮ್ಮ ಮನೆಯ ಬಾಗಿಲಿಗೆ ಬಂದು, ಒಳಗೆ ಬಾರದೆಯೇ ಹೇಳಿದ್ದಳು: “ಬಸ್ಸು ಎಂಟ್ ಗಂಟೆಗಂತೆ. ಮೇಷ್ಟ್ರು ಯೋಳವ್ರೆ.”

ಎಂಟಕ್ಕೆ ಬಂದರೆ ಶಾಲೆಯ ಗೇಟು ಮುಚ್ಚಿತ್ತು.

“ಅಯ್ಯೋ ಮಗ, ಕತ್ಲಲ್ಲೇ ಓದ್ರಲ್ಲಾ. ನಿಮ್ ಕೇರಿ ಉಡ್ಗೀನೂ ಬಸ್ ಅತ್ಕಂಡು ಓದ್ಲು” ಎಂದ ಕಾವಲುಗಾರ. ಆಮೇಲೆ, ಅವಳು ಅಳುವುದನ್ನು ತಾನು ನೋಡಬಾರದೆಂದು, ಆಗಲೇ ಗುಡಿಸಿದ್ದ ಅಂಗಳವನ್ನು ಬೆನ್ನು ತಿರುಗಿಸಿ ಮತ್ತೆ ಗುಡಿಸಿದ.

ಸೋಮವಾರ ರತ್ನ ಎಲ್ಲರೆದುರು ಮಾದಮ್ಮನ ಕೆನ್ನೆಗೆ ಬಾರಿಸಿದಳು. ಮಾದಮ್ಮ ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ.

“ಹೊಟ್ಟೆಕಿಚ್ಚು ಬಿಡೇ” ಎಂದು ಸರ್ವಮಂಗಳ ರತ್ನಳ ಹೆಗಲ ಮೇಲೆ ಕೈಹಾಕಿದಳು. ಆ ಕೈಯ ಬಿಸುಪನ್ನು ರತ್ನ ಮರೆತಿರಲಿಲ್ಲ. ಮುಂದೆ ಮಾದಮ್ಮನ ಗಂಡ ತೀರಿಕೊಂಡಾಗ ರತ್ನ ಮಣ್ಣಿಗೂ ಹೋಗಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ದುಡಿದು ನಿವೃತ್ತಳಾಗುವವರೆಗೂ, ಯಾರು ಎಂಟು ಗಂಟೆ ಎಂದರೂ ಅವಳಿಗೆ ಒಳಗೆಲ್ಲೋ ಚುಚ್ಚುತ್ತಿತ್ತು.

ವ್ಯಾನು ಬಂತು.

“ರೇಡಿಯೋ! ಬಾರೇ, ನನ್ ಪಕ್ಕ!” ಸರ್ವಮಂಗಳ ಕಿಟಕಿಯಿಂದ ಕೈಬೀಸಿದಳು. “ಊಟಾನೂ ಅವತ್ತಿನ ಥರಾನೇ, ಯಳಂದೂರಿನ ನಮ್ ಸೋದರಮಾವನ ಮನೇಲಿ. ಅತ್ತೆ ಇನ್ನೂ ಗಟ್ಟಿಯಾಗಿದಾರೆ ಕಣೆ, ಸೌಟು ಯಾರಿಗೂ ಕೊಡಲ್ಲ!”

ಹಿಂದಿನ ಸೀಟಿನಲ್ಲಿ ಮಾದಮ್ಮ ಒಬ್ಬಳೇ ಕೂತಿದ್ದಳು. ರತ್ನ ತಿರುಗಿ ನೋಡಲಿಲ್ಲ.

ಬೆಟ್ಟದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಉಳಿದವರು ಫೋಟೋ ತೆಗೆಯುತ್ತಿದ್ದಾಗ ರತ್ನ ಮಾದಮ್ಮನೆದುರು ಹೋಗಿ ನಿಂತಳು.

“ಅವತ್ತು ಯಾಕೆ ಸುಳ್ಳು ಹೇಳ್ದೆ? ಈಗ್ಲೇ ಹೇಳು. ಇಲ್ಲಾಂದ್ರೆ ಊಟಕ್ಕೆ ಕೂತಾಗ ಎಲ್ಲರ ಮುಂದೆ ಕೇಳ್ತೀನಿ.”

“ಊಟುಕ್ ಕೂತಾಗ ಬ್ಯಾಡ ಕಣಮ್ಮಿ.” ಮಾದಮ್ಮನ ದನಿ ಇಳಿದಿತ್ತು. “ಬೆಟ್ಟ ನೋಡುದ್ಯಲ್ಲ, ಸಾಕು. ಇಲ್ಲಿಂದ್ಲೇ ಬಸ್ ಇಡ್ಕಂಡು ಊರ್ಗೋಗ್ಬುಡವಾ. ನಾವಿಬ್ರೇ.”

“ಈ ವಯಸ್ಸಲ್ಲೂ ಹೊಟ್ಟೆ ಉರೀತದಾ ನಿಂಗೆ? ನಾನು ಬರಬಾರದು ಅಂದ್ಮೇಲೆ ನೀನ್ಯಾಕೆ ಬಂದೆ?”

“ನೀ ಬತ್ತೀಯಲ್ಲ, ಅದುಕ್ಕೆ.”

ರತ್ನ ಕಹಿಯಾಗಿ ನಕ್ಕು ವ್ಯಾನಿನತ್ತ ನಡೆದಳು.

ಯಳಂದೂರಿನ ಮನೆಯ ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿದ್ದರು. ತುಪ್ಪದ ಘಮ, ಗೆಳತಿಯರ ನಗು. ರತ್ನ ಕೈತೊಳೆದುಕೊಂಡು ಬಂದಳು. ಕೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಸರ್ವಮಂಗಳ ಮೆಲ್ಲಗೆ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದಳು. ಮೊದಲಿನಂತೆಯೇ ಬೆಚ್ಚಗಿನ ಕೈ.

“ಬೇಜಾರ್ ಮಾಡ್ಕೋಬೇಡ ಕಣೆ. ಅತ್ತೆ ಹಳೇ ಕಾಲದೋರು. ನಿಮ್ಮಿಬ್ರಿಗೂ ಹಿತ್ತಿಲಲ್ಲಿ ಎಲೆ ಹಾಕ್ಸಿದೀನಿ, ನೆರಳಿದೆ, ಫ್ಯಾನೂ ಇಡ್ಸಿದೀನಿ. ಅವತ್ತಾದ್ರೆ ಪಾಪ ಮಾದಮ್ಮ ಕೊಟ್ಟಿಗೇಲಿ ಹಸುಗಳ ಮಧ್ಯೆ ಒಬ್ಳೇ ಕೂತು ಉಂಡ್ಳು. ಉಸಿರೆತ್ತಲಿಲ್ಲ. ಬೆಟ್ಟ ನೋಡೋ ಆಸೆ ಅವಳಿಗೆ. ನಿಮ್ಮಿಬ್ರಿಗೂ ಊಟ ಅಲ್ಲೇ ಅಂತ ಹೊರಡೋ ಹಿಂದಿನ ದಿನವೇ ಅವ್ಳ ಹತ್ರ ಹೇಳಿ ಕಳ್ಸಿದ್ದೆನಲ್ಲ, ನಿಂಗೆ ಹೇಳ್ಲಿಲ್ವಾ ಅವ್ಳು?”

ಪಡಸಾಲೆಯಲ್ಲಿ ನಗು ನಿಂತಿತು. ಗೆಳತಿಯರು ಎಲೆಗೆ ನೀರು ಚಿಮುಕಿಸುತ್ತ ತಲೆ ಬಗ್ಗಿಸಿದರು. ಯಾರೂ ಏಳಲಿಲ್ಲ.

ರತ್ನ ಹಿತ್ತಿಲಿಗೆ ಹೋಗಲಿಲ್ಲ. ಮುಂಬಾಗಿಲು ದಾಟಿ ಬೀದಿಗಿಳಿದಳು. ಎದುರಿನ ಹೊಂಗೆ ಮರದ ಕೆಳಗೆ ಮಾದಮ್ಮ ಆಗಲೇ ಕೂತಿದ್ದಳು. ಸೆರಗಿನಿಂದ ಪಕ್ಕದ ಕಲ್ಲನ್ನು ಒರೆಸಿ, ಇಬ್ಬರಿಗೆಂದೇ ಮನೆಯಿಂದ ಕಟ್ಟಿ ತಂದಿದ್ದ ಬುತ್ತಿಯಲ್ಲಿ ದೊಡ್ಡ ಪಾಲನ್ನು ಅವಳ ಕೈಗಿಟ್ಟಳು.