ಏಳನೇ ಕೋಣೆಯ ಪುಟ್ಟಮ್ಮಣ್ಣಿ

ಲಕ್ವ ಹೊಡೆದು ಮಾತು ತೊದಲುತ್ತಿದ್ದ ಪುಟ್ಟಮ್ಮಣ್ಣಿ, ವೃದ್ಧಾಶ್ರಮಕ್ಕೆ ಬಂದ ದಿನದಿಂದ ತಮ್ಮ ಕೋಣೆಯ ಬಾಗಿಲನ್ನು ಬಡಿಯುತ್ತಲೇ ಇದ್ದರು. ಇವರು ಓಡಿಹೋಗಲು ನೋಡುತ್ತಿದ್ದಾರೆ ಎಂದೇ ಎಲ್ಲರೂ ತಿಳಿದರು. "ನಾಳೆಯಿಂದ ನಿದ್ದೆ ಮಾತ್ರೆ ಶುರು ಮಾಡಿ, ಬೇರೆ ದಾರಿಯಿಲ್ಲ" ಎಂದುಬಿಟ್ಟರು ಮೇಲ್ವಿಚಾರಕಿ.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಗುಲಾಬಿ ಮುಂದೆ ಬಂದಳು. "ಇವತ್ತೊಂದು ದಿನ ಬಿಡಿ ಮೇಡಂ, ನಾನೇ ಕೇಳಿ ನೋಡ್ತೀನಿ" ಎಂದು ಹೋಗಿ ಮಂಚದ ಪಕ್ಕ ಕೂತಳು.

"ಮನೆಗೆ ಹೋಗ್ಬೇಕಾ ಅಮ್ಮಾ?"

ಪುಟ್ಟಮ್ಮಣ್ಣಿ ಬೇಡವೆಂದು ತಲೆಯಾಡಿಸಿದರು.

"ಮಗಳನ್ನ ಕರೆಸ್ಲಾ?"

ಅದೂ ಬೇಡ. ಅವರ ತುಟಿ ಅದುರಿ ಏನೋ ಹೇಳಲು ಹೊರಟಿತು. ಅಷ್ಟರಲ್ಲಿ ಕಸ ಗುಡಿಸುವವಳು ಒಳಗೆ ನುಗ್ಗಿದಳು. ಅವಳು ಹೋಗುವುದರೊಳಗೆ ಬಿಪಿ ನೋಡುವವನು ಬಂದ. ಅವನ ಬೆನ್ನಿಗೇ, ತಮ್ಮ ತಾಯಿಗೆ ಜಾಗ ಹುಡುಕುತ್ತಿದ್ದ ಯಾರೋ ದಂಪತಿ ಮಂಚದವರೆಗೂ ಬಂದು, "ಗಾಳಿ ಬೆಳಕು ಪರವಾಗಿಲ್ಲ" ಎಂದು ಮಾತಾಡಿಕೊಂಡು ಹೋದರು. ಪುಟ್ಟಮ್ಮಣ್ಣಿ ಸೆರಗು ಎಳೆದುಕೊಂಡು ಎದ್ದು, ಕಾಲೆಳೆಯುತ್ತ ಹೋಗಿ ಮತ್ತೆ ಬಾಗಿಲು ಬಡಿಯತೊಡಗಿದರು.

ಗುಲಾಬಿ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು. "ಎಷ್ಟು ಹೊತ್ತಾದ್ರೂ ಕಾಯ್ತೀನಮ್ಮಾ, ನಿಧಾನಕ್ಕೆ ಹೇಳಿ. ಎಲ್ಲಿಗೆ ಹೋಗ್ಬೇಕು ನಿಮ್ಗೆ?"

ಪುಟ್ಟಮ್ಮಣ್ಣಿ ಉಸಿರು ಕೂಡಿಸಿಕೊಂಡು ಒಂದೊಂದೇ ಅಕ್ಷರ ಜೋಡಿಸಿದರು.

"ಎಲ್ಲಿಗೂ ಬೇಡ ತಾಯಿ... ಒಳಗಿಂದ ಹಾಕ್ಕೊಳ್ಳೋಕೆ... ಒಂದು ಚಿಲಕ."